ಪಟ್ಟಣದ ಬಾಗಿಲಲ್ಲಿ ಎರಡು ಪಾಠ

ಆ ಭಾನುವಾರದ ಬೈಬಲ್ ಅಧ್ಯಯನಕ್ಕೆ ತೆಗೆದುಕೊಂಡಿದ್ದು ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 22ನೇ ಅಧ್ಯಾಯ. 14ನೇ ವಚನಕ್ಕೆ ಬಂದಾಗ ಓದು ನಿಂತಿತು. ಒಬ್ಬರ ಬೈಬಲಿನಲ್ಲಿ ದೇವರ ಆಜ್ಞೆಗಳ ಪ್ರಕಾರ ನಡೆಯುವವರು ಧನ್ಯರು ಎಂದಿದೆ. ಪಕ್ಕದಲ್ಲಿ ಕೂತವರ ಬೈಬಲಿನಲ್ಲಿ ತಮ್ಮ ನಿಲುವಂಗಿಗಳನ್ನು ತೊಳೆದುಕೊಂಡವರು ಧನ್ಯರು ಎಂದಿದೆ. ಮುಂದಿನದು ಎರಡರಲ್ಲೂ ಒಂದೇ: ಅವರಿಗೆ ಜೀವವೃಕ್ಷದ ಹಣ್ಣಿಗೆ ಹಕ್ಕುಂಟು, ಬಾಗಿಲುಗಳಿಂದ ಪಟ್ಟಣದೊಳಕ್ಕೆ ಹೋಗುತ್ತಾರೆ. ಪರಲೋಕಕ್ಕೆ ಸೇರುವವರು ಯಾರು ಎಂಬ ಪ್ರಶ್ನೆಗೇ ಎರಡು ಉತ್ತರ! ಆ ಹೊತ್ತಿನ ಅಧ್ಯಯನವೆಲ್ಲ ಅಲ್ಲೇ ಕಳೆಯಿತು. ಕಳೆಯಬೇಕಾದ ಜಾಗವೇ ಅದು.

ವ್ಯತ್ಯಾಸ ಹುಟ್ಟಿದ್ದು ಗ್ರೀಕ್ ಹಸ್ತಪ್ರತಿಗಳಲ್ಲಿ. ‘ಪ್ಲುನೊಂಟೆಸ್ ಟಾಸ್ ಸ್ಟೊಲಾಸ್’ ಎಂದರೆ ನಿಲುವಂಗಿ ತೊಳೆಯುವವರು. ‘ಪೊಯೂಂಟೆಸ್ ಟಾಸ್ ಎಂಟೊಲಾಸ್’ ಎಂದರೆ ಆಜ್ಞೆಗಳನ್ನು ನಡೆಸುವವರು. ಎರಡನ್ನೂ ಗಟ್ಟಿಯಾಗಿ ಓದಿ ನೋಡಿ, ಕಿವಿಗೆ ಎಷ್ಟು ಹತ್ತಿರ. ಪದಗಳ ನಡುವೆ ಜಾಗವನ್ನೇ ಬಿಡದೆ ಬರೆಯುತ್ತಿದ್ದ ಕಾಲದಲ್ಲಿ ನಕಲು ಮಾಡುವವನು ಒಂದನ್ನು ಇನ್ನೊಂದೆಂದು ತಿಳಿದದ್ದು ಸಹಜ. 4ನೇ ಶತಮಾನದ ಸಿನೈಟಿಕಸ್, 5ನೇ ಶತಮಾನದ ಅಲೆಕ್ಸಾಂಡ್ರಿನಸ್ ಪ್ರತಿಗಳಲ್ಲಿ ನಿಲುವಂಗಿ ಇದೆ. 1611ರ ಇಂಗ್ಲಿಷ್ ಅನುವಾದ ಅನುಸರಿಸಿದ ಗ್ರೀಕ್ ಪಾಠದಲ್ಲಿ ಆಜ್ಞೆ ಇದೆ. ಹೆಚ್ಚಿನ ವಿದ್ವಾಂಸರು ಈಗ ನಿಲುವಂಗಿಯ ಕಡೆ.

ಹಾಗಾದರೆ ಆಜ್ಞೆಯ ಮಾತು ಬಿದ್ದುಹೋಯಿತು ಎಂದು ಯಾರಾದರೂ ಹಗುರಾಗುವುದಾದರೆ, ಅವರು 15ನೇ ವಚನವನ್ನು ಓದಿಲ್ಲ. ಬಾಗಿಲಿನ ಹೊರಗೆ ಉಳಿಯುವವರು ಅಲ್ಲಿದ್ದಾರೆ: ಮಾಟಗಾರರು, ಜಾರರು, ಕೊಲೆಗಾರರು, ವಿಗ್ರಹಾರಾಧಕರು, ಸುಳ್ಳನ್ನು ಪ್ರೀತಿಸಿ ನಡೆಸುವವರು. ಬಹುಪಾಲು ಹತ್ತು ಆಜ್ಞೆಗಳನ್ನು ಮುರಿದವರ ಪಟ್ಟಿಯೇ. ಬಟ್ಟೆ ಬಿಳುಪಾಗುವುದು ಯಜ್ಞದ ಕುರಿಯಾದ ಯೇಸುವಿನ ರಕ್ತದಲ್ಲಿ ಎಂದು ಇದೇ ಪುಸ್ತಕದ 7:14 ಹೇಳುತ್ತದೆ, ಆ ಕೆಲಸ ನಮ್ಮ ಕೈಯದಲ್ಲ. ಆದರೆ 14:12ರಲ್ಲಿ ದೇವಜನರೆಂದರೆ ದೇವರ ಆಜ್ಞೆಗಳನ್ನೂ ಯೇಸುವಿನ ನಂಬಿಕೆಯನ್ನೂ ಹಿಡಿದುಕೊಂಡವರು. ಎರಡೂ ಒಂದೇ ಉಸಿರಿನಲ್ಲಿ ಬಂದಿವೆ. ಇದರಲ್ಲಿ ಸಭೆಗಳ ನಡುವಿನ ಜಗಳ ಹಳೆಯದು. ಆದರೂ ಲೂಥರನ್ ಸಭೆಯ 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಕಟಣೆ ನಂಬಿಕೆ ಒಳ್ಳೆಯ ಫಲ ಕೊಡಲೇಬೇಕು ಎಂದಿತು, 1547ರಲ್ಲಿ ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆ ನೀತಿವಂತನಾದವನಿಗೂ ಆಜ್ಞೆಗಳು ಅನ್ವಯಿಸುತ್ತವೆ ಎಂದಿತು. ಆಜ್ಞೆ ಬೇಡ ಎಂದು ಎರಡರಲ್ಲಿ ಯಾವುದೂ ಹೇಳಲಿಲ್ಲ.

ಮತ್ತಾಯ 19ರಲ್ಲಿ ಐಶ್ವರ್ಯವಂತ ಯುವಕ ನಿತ್ಯಜೀವ ಪಡೆಯಲು ಏನು ಮಾಡಬೇಕೆಂದು ಯೇಸುವನ್ನು ನೇರವಾಗಿ ಕೇಳಿದ, ಉತ್ತರವೂ ನೇರವಾಗಿ ಬಂತು: ಜೀವದಲ್ಲಿ ಸೇರಬೇಕಾದರೆ ಆಜ್ಞೆಗಳನ್ನು ಕೈಕೊಂಡು ನಡೆ. ಯಾವುವು ಎಂದದ್ದಕ್ಕೆ ಯೇಸು ಹೇಳಿದ್ದು ಆರು: ಕೊಲೆ, ವ್ಯಭಿಚಾರ, ಕಳವು, ಸುಳ್ಳುಸಾಕ್ಷಿ ಬೇಡ; ತಂದೆತಾಯಿಗಳನ್ನು ಸನ್ಮಾನಿಸು; ನೆರೆಯವನನ್ನು ನಿನ್ನಂತೆಯೇ ಪ್ರೀತಿಸು. ಪರರ ವಸ್ತುವಿಗೆ ಆಸೆಪಡಬೇಡ ಎಂಬುದು ಆ ಸಾಲಿನಲ್ಲಿಲ್ಲ. ಆಮೇಲೆ ಆಸ್ತಿ ಮಾರು ಎಂದಾಗ ಯುವಕ ಎಡವಿದ್ದು ಆಸೆಯ ಬಳಿಯೇ.

ವಿಧೇಯತೆ ಕೆಡುವ ದಾರಿಗಳೂ ಸುವಾರ್ತೆಗಳಲ್ಲೇ ಸಿಗುತ್ತವೆ. ಪುದೀನ, ಸಬ್ಬಸಿಗೆ, ಜೀರಿಗೆಯಲ್ಲಿ ಹತ್ತರಲ್ಲೊಂದು ಪಾಲು ಎಣಿಸಿ ಕೊಟ್ಟು, ನ್ಯಾಯ ಕರುಣೆ ನಂಬಿಕೆಯನ್ನು ಬಿಡುವುದು ಒಂದು. ಅದಕ್ಕಿಂತ ಕೆಟ್ಟದ್ದು ಮಾರ್ಕ 7ರ ‘ಕೊರ್ಬಾನ್’: ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮುಡಿಪು ಎಂದುಬಿಟ್ಟರೆ ಅವರನ್ನು ನೋಡಿಕೊಳ್ಳುವ ಹೊಣೆ ತಪ್ಪಿತು. ದೇವರ ಹೆಸರಿನಲ್ಲೇ ದೇವರ ಆಜ್ಞೆ ಮುರಿಯುವ ಉಪಾಯವಿದು. ಭಕ್ತಿಯ ವೇಷದಲ್ಲಿ ಬರುವುದರಿಂದ ಬೇಗ ಗುರುತಿಗೆ ಸಿಗುವುದಿಲ್ಲ.

ಮುರಿದ ಮೇಲೆ ಏನು ಮಾಡಬೇಕು? ಅಂದು ಹೆಚ್ಚು ಹೊತ್ತು ಹಿಡಿದದ್ದು ಇದೇ. ಪಶ್ಚಾತ್ತಾಪಪಟ್ಟೆ ಎಂದು ಕಣ್ಣೊರೆಸಿಕೊಂಡು ಎದ್ದುಹೋಗುವುದಕ್ಕೆ ಮೋಶೆಯ ಧರ್ಮಶಾಸ್ತ್ರ ಬಿಡುವುದಿಲ್ಲ. ಯಾಜಕಕಾಂಡ 6 ಮತ್ತು ಅರಣ್ಯಕಾಂಡ 5 ಒಟ್ಟಿಗೆ ಓದಿದರೆ ಕ್ರಮ ಸಿಗುತ್ತದೆ. ಮೊದಲು ಮಾಡಿದ ಪಾಪವನ್ನು ಬಾಯಿಬಿಟ್ಟು ಅರಿಕೆ ಮಾಡಬೇಕು. ಮೋಸದಿಂದ ತೆಗೆದುಕೊಂಡದ್ದನ್ನು ಪೂರ್ತಿ ಹಿಂದಿರುಗಿಸಿ, ಅದರ ಐದನೆಯ ಒಂದು ಭಾಗ ಸೇರಿಸಬೇಕು. ನೂರು ನಾಣ್ಯ ಎಳೆದುಕೊಂಡಿದ್ದರೆ ನೂರಿಪ್ಪತ್ತು, ಅದೂ ಯಾರಿಗೆ ಅನ್ಯಾಯವಾಯಿತೋ ಅವರ ಕೈಗೇ. ಪ್ರಾಯಶ್ಚಿತ್ತಯಜ್ಞದ ಟಗರಿನ ಮಾತು ಬರುವುದು ಇದಾದ ಮೇಲಿನ ವಚನದಲ್ಲಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಸಹೋದರನೊಂದಿಗೆ ಒಂದಾಗಿ ಬಾ ಎಂದು ಮತ್ತಾಯ 5ರಲ್ಲಿ ಯೇಸು ಹೇಳುವಾಗಲೂ ಇದೇ ಕ್ರಮ. ಲೆಕ್ಕ ತೀರಿಸದೆ ಕಾಣಿಕೆಯ ಮೊತ್ತ ಹೆಚ್ಚಿಸುವುದು ಜನ ಮಾಡುವ ದೊಡ್ಡ ತಪ್ಪು.

ಕದ್ದ ಕುರಿಯನ್ನು ಕೊಯ್ದಿದ್ದರೆ ಅಥವಾ ಮಾರಿದ್ದರೆ ನಾಲ್ಕು ಕುರಿ, ಎತ್ತಾದರೆ ಐದು, ಪಶು ಜೀವಸಹಿತ ಸಿಕ್ಕರೆ ಎರಡರಷ್ಟು ಎಂದು ವಿಮೋಚನಕಾಂಡ 22 ಹೇಳುತ್ತದೆ. ಲೂಕ 19ರಲ್ಲಿ ಬರುವ ಸುಂಕದವರ ಮುಖ್ಯಸ್ಥ ಜಕ್ಕಾಯ ಯೇಸುವಿನ ಮುಂದೆ ತಾನೇ ಅರಿಕೆ ಮಾಡಿದವನು, ಐದನೆಯ ಒಂದು ಭಾಗ ಸೇರಿಸಿದ್ದರೆ ಸಾಕಿತ್ತು. ಅವನು ಕುರಿಕಳ್ಳನ ಲೆಕ್ಕ ಹಿಡಿದು ನಾಲ್ಕರಷ್ಟು ಎಂದ. ಆಸ್ತಿಯ ಅರ್ಧವನ್ನು ಬಡವರಿಗೆ ಬೇರೆ. ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು ಎಂಬ ಯೇಸುವಿನ ಮಾತು ಬಂದದ್ದು ಅದಾದ ಮೇಲೆ.

ಏಳುವ ಹೊತ್ತಿಗೆ ಹಿರಿಯರೊಬ್ಬರು ಕೇಳಿದರು, “ಕೊಡಬೇಕಾದವರು ತೀರಿಹೋಗಿದ್ದರೆ?” ಅರಣ್ಯಕಾಂಡ 5:8ರಲ್ಲಿ ಅದಕ್ಕೂ ಜಾಗವಿದೆ: ಹತ್ತಿರದ ಬಂಧುವಿಗೆ, ಅವನೂ ಇಲ್ಲದಿದ್ದರೆ ಅದು ಯೆಹೋವನದು, ಯಾಜಕನಿಗೆ ಸೇರಬೇಕು. ಅವರು ವಚನದ ಸಂಖ್ಯೆಯನ್ನು ಬೈಬಲಿನ ಒಳರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡು, ಬಂಧು ಎಂದರೆ ಎಷ್ಟು ದೂರದವರೆಗೆ ಹುಡುಕಬೇಕು ಎಂದು ಮತ್ತೆ ಕೇಳಿದರು.