ಘಾಟು ಅಂದುಕೊಂಡ ಕೆಮ್ಮು

ಬ್ಯಾಡಗಿ ಮಾರುಕಟ್ಟೆಯಲ್ಲಿ ಯಾರಾದರೂ ಕೆಮ್ಮಿದರೆ ಯಾರೂ ತಿರುಗಿ ನೋಡುವುದಿಲ್ಲ. ಜನವರಿ ಬಂತೆಂದರೆ ಎಲ್ಲೆಲ್ಲೂ ಮೆಣಸಿನಕಾಯಿ ಚೀಲ, ಗಾಳಿಯಲ್ಲೆಲ್ಲ ಘಾಟು. ಅಲ್ಲಿ ಹಮಾಲಿ ಮಾಡುವ ನಮ್ಮ ಕಾಕಾ ಎರಡು ತಿಂಗಳಿಂದ ಕೆಮ್ಮುತ್ತಿದ್ದರೂ ಮನೆಯವರೆಲ್ಲ ಅದನ್ನು ಘಾಟು ಅಂದುಕೊಂಡೆವು. ನಾನೂ ಅಷ್ಟೇ. ಆಗ ನಾನು ಧಾರವಾಡದಲ್ಲಿ ಮೈಕ್ರೋಬಯಾಲಜಿ ಓದುತ್ತಿದ್ದೆ. ಕ್ಷಯದ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ನಮ್ಮ ಕಾಕಾನ ಎದೆಯಲ್ಲೇ ಅದು ಇರಬಹುದು ಅಂತ ಹೊಳೆಯಲಿಲ್ಲ. ಆ ಸಂಕಟ ಈಗಲೂ ಇದೆ.

ಸಂಕ್ರಾಂತಿಗೆ ಊರಿಗೆ ಹೋದಾಗ ಕಾಕಾನ ಅಂಗಿ ಹೆಗಲ ಮೇಲೆ ಜೋತು ಬಿದ್ದಿತ್ತು. ಸಂಜೆಯಾದರೆ ಸಣ್ಣ ಜ್ವರ, ರಾತ್ರಿ ಬೆವರು ಅಂತ ಚಿಗವ್ವ ಹೇಳಿದಳು. ಹಬ್ಬ ಮುಗಿದ ಮರುದಿನವೇ ಹಾವೇರಿಯ ಬಸ್ಸು ಹತ್ತಿದೆವು.

ಆಸ್ಪತ್ರೆಯಲ್ಲಿ ಕಫ ಕೊಟ್ಟು ಬೆಂಚಿನ ಮೇಲೆ ಕೂತೆವು. 1882ರಲ್ಲಿ ವಿಜ್ಞಾನಿ ರಾಬರ್ಟ್ ಕಾಕ್ ಕ್ಷಯದ ಬ್ಯಾಕ್ಟೀರಿಯಾವನ್ನು ತೋರಿಸಿಕೊಟ್ಟ ಮೇಲೆ ಬಹಳ ವರ್ಷ ಅದನ್ನು ಪತ್ತೆಹಚ್ಚುವ ಮುಖ್ಯ ದಾರಿ ಇದಾಗಿತ್ತು: ಕಫವನ್ನು ಗಾಜಿಗೆ ಹಚ್ಚಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಸಣ್ಣ ಕಡ್ಡಿಗಳನ್ನು ಹುಡುಕುವುದು. ಕಡ್ಡಿ ಕಂಡರೂ ಅದು ಯಾವ ಔಷಧಿಗೆ ಸಾಯುತ್ತದೆ ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಬೆಳೆಸಿಯೇ ನೋಡಬೇಕು. ಈ ಬ್ಯಾಕ್ಟೀರಿಯಾ ಒಂದು ಎರಡಾಗಲು ಸುಮಾರು 20 ಗಂಟೆ ಬೇಕು. ಹಾಗಾಗಿ ವಾರಗಟ್ಟಲೆ ಕಾಯಬೇಕು. ಈಗಿನ ಸಿಬಿನ್ಯಾಟ್ ಯಂತ್ರ ಎರಡು ಗಂಟೆಯಲ್ಲಿ ಡಿಎನ್‌ಎಯನ್ನೇ ಹಿಡಿದು ನೋಡುತ್ತದೆ. ಈ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಸುಮಾರು 44 ಲಕ್ಷ ಅಕ್ಷರಗಳು. ಅದರಲ್ಲಿ ಯಂತ್ರ ಹುಡುಕುವುದು ಒಂದು ಜೀನಿನ 81 ಅಕ್ಷರಗಳ ತುಣುಕನ್ನು.

ವರದಿ ಬಂತು. ಕ್ಷಯ ಇದೆ. ಕೆಳಗೆ ಇನ್ನೊಂದು ಸಾಲು: ರಿಫಾಂಪಿಸಿನ್‌ಗೆ ರೆಸಿಸ್ಟೆನ್ಸ್ ಇದೆ. ಅಂದರೆ ಕ್ಷಯದ ಈ ಮುಖ್ಯ ಔಷಧಿಗೆ ಇದು ಸಾಯುವುದಿಲ್ಲ. ಓದಿ ನನ್ನ ಕೈ ತಣ್ಣಗಾಯಿತು. ಕಾಕಾ ನೆಲ ನೋಡುತ್ತಾ ಮೆಲ್ಲಗೆ ಹೇಳಿದ.

"ಹಿಂದಕ ಒಮ್ಮೆ ಈ ಗುಳಗಿ ತಿಂದಿದ್ನೆವ್ವಾ. ಎರಡು ತಿಂಗಳಿಗೆ ಆರಾಮ ಅನ್ನಿಸ್ತು, ಬಿಟ್ಟೆ. ಆಗ ಮಗಳ ಲಗ್ನದ ಮಾತು ನಡದಿತ್ತು. ನಿಮ್ಮ ಚಿಗವ್ವಗೂ ಹೇಳಿಲ್ಲ."

ನನಗೆ ಸಿಟ್ಟು ಬರಲಿಲ್ಲ. ಕ್ಷಯ ಇದ್ದ ಮನೆ ಅಂತ ಗೊತ್ತಾದರೆ ಬೀಗರು ಹಿಂದೆ ಸರಿಯುವುದನ್ನು ನಾನೂ ಕಂಡಿದ್ದೇನೆ.

"ಗುಳಗಿ ತಿಂದೇ ಹಿಂಗಾತೇನು?" ಅಂದ. ಅಲ್ಲ. ಮ್ಯುಟೇಶನ್ ಔಷಧಿಯಿಂದ ಹುಟ್ಟುವುದಿಲ್ಲ. ಡಿಎನ್‌ಎ ನಕಲಾಗುವಾಗ ತಾನಾಗಿ ಆಗುವ ತಪ್ಪು ಅದು. ಸುಮಾರು 10 ಕೋಟಿ ಬ್ಯಾಕ್ಟೀರಿಯಾಗಳಲ್ಲಿ ಒಂದು ರಿಫಾಂಪಿಸಿನ್‌ಗೆ ಜಗ್ಗದಂತೆ ಇರುತ್ತದೆ. ಒಂದಕ್ಕೆ ಜಗ್ಗದ್ದು ಇನ್ನೊಂದಕ್ಕೆ ಸಾಯಲಿ ಅಂತಲೇ ನಾಲ್ಕು ಔಷಧಿ ಕೂಡಿಸಿ ಕೊಡುತ್ತಾರೆ. ನಡುವೆ ಬಿಟ್ಟು, ತಪ್ಪಿಸಿ ತಿಂದರೆ ಜಗ್ಗದವು ಉಳಿದು ಹೆಚ್ಚುತ್ತವೆ. ಒಂದೇ ಎಣ್ಣೆ ಹೊಡೆದು ಹೊಡೆದು ಕೊನೆಗೆ ಮೆಣಸಿನ ಗಿಡದ ನುಸಿ ಸಾಯದೇ ಹೋಗುತ್ತದಲ್ವಾ, ಹಾಗೆ ಅಂದೆ. ಕಾಕಾ ತಲೆ ಆಡಿಸಿದ.

ಬಸ್ ಟಿಕೆಟ್ಟಿನ ಹಿಂದೆ ಬರೆದು ತೋರಿಸಿದೆ. ಯಂತ್ರ ಹುಡುಕುವ ಆ 81 ಅಕ್ಷರಗಳ ತುಣುಕಿನಲ್ಲಿ ಜಾಸ್ತಿ ಕಾಣುವ ಬದಲಾವಣೆ ಒಂದೇ ಅಕ್ಷರದ್ದು. ಟಿಸಿಜಿ ಇದ್ದದ್ದು ಟಿಟಿಜಿ ಆಗುತ್ತದೆ. ಅಷ್ಟಕ್ಕೇ ಔಷಧಿ ಹೋಗಿ ಕೂರುವ ಜಾಗದ ಆಕಾರ ಬದಲಾಗಿ, ಅದಕ್ಕೆ ಹಿಡಿತ ಸಿಗುವುದಿಲ್ಲ.

"ಚೀಟ್ಯಾಗ ಒಂದು ಅಂಕಿ ತಪ್ಪಿದ್ರ ಮಾಲು ಬ್ಯಾರೆ ಅಂಗಡಿಗೆ ಹೋಗತೈತಿ ನೋಡು" ಅಂದ ಕಾಕಾ. ನನ್ನ ಯಾವ ಪುಸ್ತಕದಲ್ಲೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಉಳಿದ ಔಷಧಿಗಳ ಪರೀಕ್ಷೆಗೆ ಕಫ ಹುಬ್ಬಳ್ಳಿಗೆ ಹೋಯಿತು. ಮೊದಲು ಇಂಥ ಕ್ಷಯಕ್ಕೆ ಒಂದೂವರೆ-ಎರಡು ವರ್ಷದವರೆಗೂ ಔಷಧಿ ತಿನ್ನಬೇಕಿತ್ತು. ಈಗ ಬೆಡಾಕ್ವಿಲಿನ್ ಇರುವ ಹೊಸ ಗುಳಿಗೆಗಳಿಂದ ಎಷ್ಟೋ ಜನರಿಗೆ ಆರು ತಿಂಗಳು ಸಾಕು ಅಂತ ಡಾಕ್ಟರು ಧೈರ್ಯ ಹೇಳಿದರು.

ಮನೆ ಮುಟ್ಟಿದಾಗ ಚಿಗವ್ವ ರೊಟ್ಟಿ ಬಡಿಯುತ್ತಿದ್ದಳು. ಕಾಕಾ ಒಳಗೆ ಹೋಗಲಿಲ್ಲ. ಬಾಯಿಗೆ ಟವೆಲ್ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತು ಅವಳನ್ನು ಹೊರಗೆ ಕರೆದ. ಹಳೆಯದು, ಹೊಸದು ಎಲ್ಲವನ್ನೂ ಹೇಳಿದ. ಅವಳು ಬಹಳ ಹೊತ್ತು ಸುಮ್ನೆ ನಿಂತಿದ್ದಳು. ಆಮೇಲೆ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ನಾಳೆ ನಾನೂ ನಿಮ್ಮ ತಮ್ಮನೂ ತಪಾಸಣಿಗೆ ಬರಬೇಕಲ್ಲ? ಮೊದಲನೇ ಬಸ್ಸು ಎಷ್ಟಕ್ಕ ಐತಿ?"