ಗಿರಿಜ ಅಕ್ಕಿ ತಂದದ್ದು ಎಲ್ಲಿಂದ?

ರವಿವಾರ, 17 ನವೆಂಬರ್ 2024
ಡೊಂಬಿವಲಿ

ನನ್ನ ಮೊದಲ ಕಾದಂಬರಿಗೆ ಪ್ರಕಾಶಕರ ಒಪ್ಪಂದ ಪತ್ರ ಬಂದಿದೆ. ಮೂರು ಪುಟ. ಸಹಿ ಹಾಕುವ ಜಾಗದಲ್ಲಿ ಆಗಲೇ ಪೆನ್ಸಿಲಿನಿಂದ ಗುಣಿಸು ಚಿಹ್ನೆ ಹಾಕಿ ಕಳಿಸಿದ್ದಾರೆ, ನನಗೆ ಜಾಗ ತಪ್ಪದಿರಲಿ ಅಂತ ಇರಬೇಕು.

ರಾಯಲ್ಟಿ ಮುಖಬೆಲೆಯ 10%. ಅದು ಎಲ್ಲರೂ ಕೊಡುವಷ್ಟೇ, ಅದಕ್ಕೆ ತಕರಾರಿಲ್ಲ. ಆದರೆ ಎಷ್ಟು ಪ್ರತಿ ಹಾಕುತ್ತಾರೆ ಅಂತ ಎಲ್ಲೂ ಬರೆದಿಲ್ಲ. ವರ್ಷಕ್ಕೊಮ್ಮೆ ಲೆಕ್ಕ ಕೊಡುತ್ತೇವೆ ಅಂತಲೂ ಇಲ್ಲ. 250 ರೂಪಾಯಿ ಬೆಲೆ ಇಟ್ಟು 500 ಪ್ರತಿ ಹಾಕಿ ಎಲ್ಲವೂ ಮಾರಿಹೋದರೆ ನನ್ನ ಪಾಲು 12,500. ಸಗಟು ಖರೀದಿಗೆ ಹೋದ ಪ್ರತಿಗಳಿಗೆ ರಾಯಲ್ಟಿ ಇಲ್ಲ ಅಂತ ಕೆಳಗೆ ಸಣ್ಣದಾಗಿ ಇದೆ. ಗ್ರಂಥಾಲಯ ಇಲಾಖೆಯವರು ಆಯ್ಕೆ ಮಾಡಿದರೆ ತಗೊಳ್ಳುವುದೇ 300 ಪ್ರತಿ. ಇನ್ನು ಉಳಿದದ್ದಕ್ಕೆ ಲೆಕ್ಕ ಹಾಕಿ ನೋಡಿ.

ಬಾವನಿಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದೆ. ಹೈಕೋರ್ಟಿನಲ್ಲಿ ಆಸ್ತಿ ಕೇಸು ನಡೆಸುವವರಿಗೆ ಇದೆಲ್ಲ ತಮಾಷೆ. ಆದರೂ ಕಾಪಿರೈಟ್ ಕಾಯ್ದೆ ತೆಗೆದು ನೋಡಿ ಫೋನ್ ಮಾಡಿದರು. ಅವಧಿ ಎಷ್ಟು ಅಂತ ಬರೆಯದೆ ಬಿಟ್ಟಿದ್ದರೆ 5 ವರ್ಷ ಅಂತಲೇ ಅರ್ಥವಂತೆ, ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. 19ನೇ ಸೆಕ್ಷನ್. "ಬರೆಯದಿದ್ದರೇ ನಿನಗೆ ಒಳ್ಳೆಯದಿತ್ತು. ಇವರು 'ಕಾಪಿರೈಟ್ ಇರುವಷ್ಟು ಕಾಲ' ಅಂತ ಬರೆದುಬಿಟ್ಟಿದ್ದಾರಲ್ಲ ಮಾರಾಯ್ತಿ" ಅಂದರು. ಅಂದರೆ ನಾನು ಸತ್ತ ಮೇಲೂ 60 ವರ್ಷ. ಅನುವಾದ, ಆಡಿಯೋ, ಸಿನಿಮಾ, ಎಲ್ಲ ಅವರದೇ. ಸಿನಿಮಾ ಅಂತ ಓದಿ ಮಗಳು ಒಂದು ನಿಮಿಷ ಖುಷಿಪಟ್ಟಳು.

ಇದನ್ನೆಲ್ಲ ಹಿಡಿದುಕೊಂಡು ಮುಂಬೈಯ ಮಾಟುಂಗಕ್ಕೆ ಹೋದದ್ದು ಮಾಸ್ಟ್ರಿಗೆ ತೋರಿಸಲು. ಅಲ್ಲಿನ ಕನ್ನಡಿಗರ ಮೈಸೂರು ಅಸೋಸಿಯೇಷನ್‌ನಲ್ಲಿ ಸಿಗುತ್ತೇನೆ ಅಂದಿದ್ದರು. ದಾರಿಯುದ್ದಕ್ಕೂ ಪ್ರಚಾರದ ಟೆಂಪೋಗಳು. ಬುಧವಾರ ವಿಧಾನಸಭೆಗೆ ಮತದಾನ, ಗಂಟಲು ಹರಿಯುವಷ್ಟು ಕೂಗಲು ಇನ್ನೊಂದು ದಿನ ಇದೆ ಅವರಿಗೆ.

ಮಾಸ್ಟ್ರು ಒಪ್ಪಂದ ಪತ್ರವನ್ನು ಮಡಚಿ ಪಕ್ಕಕ್ಕಿಟ್ಟರು. ಚೀಲದಿಂದ ನನ್ನ ಹಸ್ತಪ್ರತಿ ತೆಗೆದರು. ಪುಟ ಪುಟಕ್ಕೂ ಪೆನ್ಸಿಲ್ ಗುರುತು. ಫೋರ್ಟಿನ ರಾತ್ರಿ ಶಾಲೆಯಲ್ಲಿ ಹೋಟೆಲ್ ಹುಡುಗರ ಉತ್ತರ ಪತ್ರಿಕೆ ತಿದ್ದಿದ ಕೈ ಅದು.

"ಭಾಷೆ ಚಂದ ಉಂಟು. ಒಂದು ವಿಷಯ ಕೇಳ್ತೇನೆ. ನಿನ್ನ ಗಿರಿಜ ಇಲ್ಲಿಯ ಲಾಲ್‌ಬಾಗಿನ ಚಾಳಿನಲ್ಲಿ ಇರುವವಳು. ಗಂಡ ಬಟ್ಟೆ ಮಿಲ್ಲಿನವ. ಕಥೆ ನಡೆಯುವುದು 1983ರಲ್ಲಿ. ಹೌದಾ?"

"ಹೌದು ಮಾಸ್ಟ್ರೇ."

"ಮಿಲ್ಲುಗಳ ಮುಷ್ಕರ ಶುರುವಾದದ್ದು 82ರ ಜನವರಿಯಲ್ಲಿ. ವರ್ಷ ಕಳೀತು, ಸಂಬಳ ಇಲ್ಲ. ನಾಲ್ಕನೇ ಅಧ್ಯಾಯದಲ್ಲಿ ಮೀನು ಸಾರು ಮಾಡ್ತಾಳೆ. ಐದರಲ್ಲಿ ಚೌತಿ. ಆರರಲ್ಲಿ ಗಂಡ, ಹೆಂಡತಿ, ಮಗು ಊರಿಗೆ ಹೋಗ್ತಾರೆ. ಆಗ ಕೊಂಕಣ ರೈಲು ಎಲ್ಲಿ ಉಂಟು? ಬಸ್ಸಿಗೇ ಹೋಗಬೇಕು. ಟಿಕೆಟಿಗೆ ದುಡ್ಡು ಕೊಟ್ಟದ್ದು ಯಾರು?"

ನನಗೆ ಸಿಟ್ಟು ಬಂತು. ಇದು ಒಬ್ಬ ಹೆಂಗಸಿನ ಮನಸ್ಸಿನ ಕಥೆ, ಕಿರಾಣಿ ಅಂಗಡಿಯ ಲೆಕ್ಕಪುಸ್ತಕ ಅಲ್ಲ ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ಪಕ್ಕದ ಕುರ್ಚಿಯವರು ತಿರುಗಿ ನೋಡಿದರು.

ಮಾಸ್ಟ್ರು ನಕ್ಕರು. "ಕಿರಾಣಿಯವನು ಉದ್ರಿ ಕೊಡುವುದು ನಿಲ್ಲಿಸಿದ ದಿನ ಅವಳ ಮನಸ್ಸು ಹೇಗಿತ್ತು, ಅದನ್ನಾದರೂ ಬರಿ. ಚಾಳಿನ ಬಾಡಿಗೆ ಬಿಡು, ಅದು ಎಷ್ಟೂ ಇರಲಿಲ್ಲ. ಅಕ್ಕಿಗೆ? ಗಿರಣ್‌ಗಾಂವಿನಲ್ಲಿ, ಆ ಮಿಲ್ಲುಗಳ ಕೇರಿಯಲ್ಲಿ, ಎಷ್ಟು ಹೆಂಗಸರು ಖಾನಾವಳಿ ನಡೆಸ್ತಿದ್ದರು ಗೊತ್ತುಂಟಾ? ಊಟಕ್ಕೆ ಬರುವವರೂ ಮಿಲ್ಲಿನವರೇ. ಅವರಿಗೆ ಸಂಬಳ ನಿಂತರೆ ಇವಳ ಒಲೆಯೂ ಆರಿತು. ನನ್ನ ಕ್ಲಾಸಿನ ಹುಡುಗರೇ ಬಂದು ಹೇಳ್ತಿದ್ದರು, ಅಕ್ಕನ ಬಳೆ ಗಿರವಿಗೆ ಹೋಯ್ತು ಸರ್ ಅಂತ. ನಿನ್ನ ಇಡೀ ಪುಸ್ತಕದಲ್ಲಿ ಒಬ್ಬರೂ ಒಂದು ರೂಪಾಯಿ ಎಣಿಸುವುದಿಲ್ಲ ಮಾರಾಯ್ತಿ."

ಆಮೇಲೆ ಒಪ್ಪಂದ ಪತ್ರ ಬಿಡಿಸಿದರು. "ಎಷ್ಟು ಪ್ರತಿ ಅಂತ ಕೇಳಿದ್ಯಾ?"

"ಇಲ್ಲ. ಮೊದಲನೇ ಪುಸ್ತಕ ಅಲ್ವಾ, ಹೇಗೆ ಕೇಳುವುದು ಅಂತ..."

ಅವರು ಏನೂ ಅನ್ನಲಿಲ್ಲ. ಕಾಫಿ ತರಿಸಿದರು. ಬಿಲ್ ಕೊಡಲು ನಾನು ಪರ್ಸ್ ತೆಗೆದರೆ ಗದರಿದರು.

ಹಿಂದೆ ಬರುವಾಗ ಸ್ಲೋ ಲೋಕಲ್ಲಿನಲ್ಲಿ ಠಾಣೆಯವರೆಗೂ ನಿಂತೇ ಬಂದೆ. ಮನಸ್ಸಿನಲ್ಲೇ ಮಾಸ್ಟ್ರ ಜೊತೆ ಜಗಳ. ಎಲ್ಲ ಕಾದಂಬರಿಗೂ ಅಕ್ಕಿಯ ಲೆಕ್ಕ ಬೇಕಾ? ಬೇಡ, ನಾನು ಈಗಲೂ ಒಪ್ಪುವುದಿಲ್ಲ. ಆದರೆ ಮುಷ್ಕರದ ವರ್ಷವನ್ನೇ ಆರಿಸಿಕೊಂಡವಳು ನಾನು. ಸುಮ್ನೆ ಹಿನ್ನೆಲೆಗೆ ಬೇಕು ಅಂತ ಎರಡೂವರೆ ಲಕ್ಷ ಜನರ ಸಂಬಳ ನಿಲ್ಲಿಸಿ, ನನ್ನವಳ ಕೈಯಲ್ಲಿ ಮಾತ್ರ ಬಂಗುಡೆ ಕೊಟ್ಟರೆ ಲಾಲ್‌ಬಾಗಿನಲ್ಲಿ ಬೆಳೆದ ಯಾರು ನಂಬುತ್ತಾರೆ?

ಮುಷ್ಕರದ ದಿನಗಳ ಬಗ್ಗೆ ಕೇಳಲು ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಆಗ ನಾವು ಪರೇಲಿನಲ್ಲಿ. ಅಪ್ಪನದು ಮಿಲ್ಲಲ್ಲ, ಹೋಟೆಲ್. "ಅದೆಲ್ಲ ಪುಸ್ತಕದಲ್ಲಿ ಯಾಕೆ ಹಾಕ್ತಿ? ಜನ ಎಂತ ಹೇಳಿಯಾರು" ಅಂದರು ಮೊದಲು. ಆಮೇಲೆ ಮುಕ್ಕಾಲು ಗಂಟೆ ಬಿಡದೆ ಮಾತಾಡಿದರು. ಎದುರು ಖೋಲಿಯವಳು ಅಕ್ಕಿ ಕೇಳಲು ತಾನು ಬರುತ್ತಿರಲಿಲ್ಲವಂತೆ, ಮಗುವಿನ ಕೈಯಲ್ಲಿ ಲೋಟ ಕೊಟ್ಟು ಕಳಿಸುತ್ತಿದ್ದಳಂತೆ. ದೊಡ್ಡ ಲೋಟ ಅಲ್ಲ, ಚಾ ಕುಡಿಯುವ ಲೋಟ. ಅಮ್ಮ ಅದಕ್ಕೆ ತುಂಬಿಸಿ ಕೊಡುತ್ತಿದ್ದರಂತೆ, ಒಮ್ಮೊಮ್ಮೆ ಕೊಡುತ್ತಿರಲಿಲ್ಲವಂತೆ. ಕೊಡದ ದಿನ ಯಾಕೆ ಕೊಡಲಿಲ್ಲ ಅಂತ ಕೇಳಿದೆ. "ನಮ್ಮಲ್ಲೂ ಇರಬೇಕಲ್ಲ" ಅಂದರು. ಆ ಮಾತನ್ನು ಗಿರಿಜ ಯಾರ ಬಾಯಿಂದ ಕೇಳಬೇಕು ಅಂತ ಯೋಚನೆ ಹತ್ತಿದೆ. ಎದುರು ಖೋಲಿಯವಳಿಂದಲಾ, ಅತ್ತಿಗೆಯಿಂದಲಾ? ಅತ್ತಿಗೆ ಆದರೆ ಆರನೇ ಅಧ್ಯಾಯದ ಊರಿನ ಪ್ರಯಾಣವೇ ಬೇಡ.

ಪ್ರಕಾಶಕರಿಗೆ ಇಮೇಲ್ ಬರೆಯಲು ಕೂತಿದ್ದೇನೆ. "ನಮಸ್ಕಾರ ಸರ್. ಒಪ್ಪಂದ ಪತ್ರ ತಲುಪಿತು. ಸಹಿ ಹಾಕುವ ಮೊದಲು ನಾಲ್ಕು ವಿಷಯ ಕೇಳಬೇಕಿತ್ತು. ಪ್ರತಿಗಳ ಸಂಖ್ಯೆ, ಲೆಕ್ಕ ಕೊಡುವ ತಿಂಗಳು, ಸಗಟು ಖರೀದಿ, ಅವಧಿ 5 ವರ್ಷ." 'ಕೇಳಬೇಕಿತ್ತು' ಅಂತಲಾ, 'ತಿಳಿಸಿ' ಅಂತಲಾ? ಮುನಿಸಿಕೊಂಡು ಹಸ್ತಪ್ರತಿ ವಾಪಸ್ ಕಳಿಸಿಬಿಟ್ಟರೆ? ಕಳಿಸಿದರೆ ಹೇಗೂ ನಾಲ್ಕರಿಂದ ಆರರವರೆಗೆ ಬರೆಯಲು ಸಮಯ ಸಿಗುತ್ತದೆ, ಅಷ್ಟರಲ್ಲಿ ಖಾನಾವಳಿ ನಡೆಸಿದವರು ಯಾರಾದರೂ ಸಿಗುತ್ತಾರಾ ನೋಡಬೇಕು.