ಪಗಾರ ಹೆಚ್ಚಿಸಿದರೂ ಹುಡುಗರು ಯಾಕೆ ನಿಲ್ಲುವುದಿಲ್ಲ?

ಕಲಬುರಗಿಯಲ್ಲಿ ದಾಲ್ ಮಿಲ್ ಮಾಲೀಕರಾಗಲಿ, ಖಾಸಗಿ ಶಾಲೆಯ ಆಡಳಿತ ಮಂಡಳಿಯವರಾಗಲಿ, ಸಣ್ಣ ಆಸ್ಪತ್ರೆ ನಡೆಸುವ ವೈದ್ಯರಾಗಲಿ ನನಗೆ ಎದುರಾದರೆ ಕುಶಲೋಪರಿ ಮುಗಿಯುವ ಮೊದಲೇ ಒಂದು ಪ್ರಶ್ನೆ ಬರುತ್ತದೆ: “ಪಗಾರ ಜಾಸ್ತಿ ಮಾಡೀವಿ, ಆದರೂ ಹುಡುಗರು ಆರು ತಿಂಗಳ ನಿಲ್ಲಲ್ಲರಿ, ಯಾಕ್ರಿ?” ಜಿಲ್ಲೆಯ ಒಂದು ಸಿಮೆಂಟ್ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಹಾಜರಿ, ರಜೆ, ಪಾಳಿ, ರಾಜೀನಾಮೆಗಳ ಕಡತ ನೋಡಿಕೊಂಡು, ಈಗ ಸಣ್ಣ ಉದ್ದಿಮೆಗಳ ಪಿಎಫ್ ಮತ್ತು ಇಎಸ್‌ಐ ಲೆಕ್ಕ ಬರೆದುಕೊಡುತ್ತಿರುವ ನನಗೆ ಇದಕ್ಕೆ ಉತ್ತರ ಗೊತ್ತಿರಲೇಬೇಕೆಂಬುದು ಅವರ ನಂಬಿಕೆ. ನಿಂತಲ್ಲೇ ಹೇಳಿದ ಉತ್ತರ ಅವರಿಗೆ ರುಚಿಸುವುದಿಲ್ಲವಾದ್ದರಿಂದ ಬರೆದು ಹೇಳುತ್ತಿದ್ದೇನೆ.

ನಾನು ಕಂಡ ರಾಜೀನಾಮೆಗಳಲ್ಲಿ ಬಹುಪಾಲು ಪಗಾರಕ್ಕಾಗಿ ಬರೆದವಲ್ಲ. ನಾಳೆಯ ದಿನ ತನ್ನ ಕೈಯಲ್ಲಿಲ್ಲ ಎಂದು ಬೇಸತ್ತವರು ಬರೆದವು; ಕಾಗದದ ಮೇಲೆ ಮಾತ್ರ ‘ವೈಯಕ್ತಿಕ ಕಾರಣಗಳಿಂದ’ ಎಂದಿರುತ್ತಿತ್ತು.

ಕಳೆದ ವರ್ಷ ಒಂದು ದಾಲ್ ಮಿಲ್ಲಿನಲ್ಲಿ ಸಾರ್ಟೆಕ್ಸ್ ಯಂತ್ರ, ಅಂದರೆ ಬೇಳೆಯನ್ನು ಬಣ್ಣದ ಮೇಲೆ ಬೇರ್ಪಡಿಸುವ ಯಂತ್ರ, ನಡೆಸುತ್ತಿದ್ದ ಹುಡುಗನೊಬ್ಬ ಕೆಲಸ ಬಿಟ್ಟು, ಎರಡು ಸಾವಿರ ರೂಪಾಯಿ ಕಡಿಮೆ ಪಗಾರಕ್ಕೆ ಪಕ್ಕದ ಮಿಲ್ಲಿಗೆ ಸೇರಿಕೊಂಡ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಆ ಹೆಸರಿಗೆ ತಕ್ಕ ಬೇಳೆ ಚೀಲಕ್ಕೆ ಬೀಳಬೇಕಾದರೆ ಇಂಥ ಆಪರೇಟರನ ಕಣ್ಣೂ ಕೈಯೂ ಪಳಗಿರಬೇಕು, ಆದ್ದರಿಂದ ಮಾಲೀಕರು ಕಂಗಾಲಾದದ್ದು ಸಹಜ. ಪಿಎಫ್ ವರ್ಗಾವಣೆಯ ಅರ್ಜಿಗೆಂದು ನನ್ನಲ್ಲಿಗೆ ಬಂದಾಗ ಹುಡುಗನನ್ನು ಕೇಳಿದೆ. “ಪಗಾರ ಚಲೋ ಇತ್ತು ಸರ್, ಖರೇ. ಆದ್ರ ಮುಂಜಾನಿ ಬರಬೇಕೋ ರಾತ್ರಿ ಬರಬೇಕೋ ಅಂತ ಹಿಂದಿನ ರಾತ್ರಿ ಒಂಬತ್ತೂವರೆಗೆ ಮೆಸೇಜ್ ಬರ್ತಿತ್ತು. ಮನ್ಯಾಗ ಏನಂತ ಹೇಳಲಿ?” ಎಂದ. ಅವನ ಮನೆಯಲ್ಲಿ ಇದ್ದದ್ದು ಎರಡು ಎಕರೆ ಹೊಲ, ಎರಡು ಎಮ್ಮೆ, ಮಂಡಿ ನೋವಿನ ತಾಯಿ. ಈ ಮೂರನ್ನೂ ಒಂಬತ್ತೂವರೆಯ ಮೆಸೇಜಿಗೆ ಹೊಂದಿಸಲು ಯಾರಿಂದಲೂ ಸಾಧ್ಯವಿಲ್ಲ.

ಅವನ ಮಾತು ನನಗೆ ಚುಚ್ಚಿದ್ದಕ್ಕೆ ಕಾರಣವಿದೆ. ಕಾರ್ಖಾನೆಯಲ್ಲಿ ವಾರದ ಪಾಳಿ ಪಟ್ಟಿ ಬರೆಯುತ್ತಿದ್ದವನು ನಾನೇ; ಬರೆದ ಮೇಲೆ ಫೋನಿನಲ್ಲಿ ತಿದ್ದುತ್ತಿದ್ದವನೂ ನಾನೇ. ಒಮ್ಮೆ ನಲವತ್ತು ಕಿಲೋಮೀಟರ್ ದೂರದ ಹಳ್ಳಿಯ ಫಿಟ್ಟರ್ ಒಬ್ಬರು ಮೊದಲ ಬಸ್ಸು ಹಿಡಿದು ಬೆಳಗಿನ ಪಾಳಿಗೆ ಬಂದರು. ಅವರ ಪಾಳಿಯನ್ನು ಹಿಂದಿನ ಸಂಜೆಯೇ ರಾತ್ರಿಗೆ ಬದಲಿಸಿದ್ದೆ. ಅವರ ಊರಲ್ಲಿ ನೆಟ್‌ವರ್ಕ್ ಇರಲಿಲ್ಲವಾದ್ದರಿಂದ ಸುದ್ದಿ ಮುಟ್ಟಿರಲಿಲ್ಲ. ತಿರುಗಿ ಹೋಗಿಬರುವ ಬಸ್ಸಿನ ಖರ್ಚು ಉಳಿಸಲು ಅವರು ಗೇಟಿನ ಎದುರಿನ ಬೇವಿನ ಮರದ ಕೆಳಗೆ ಟವೆಲ್ ಹಾಸಿ ಇಡೀ ಹಗಲು ಮಲಗಿದ್ದರು. ಊಟದ ಹೊತ್ತಿಗೆ ನಾನು ಹೊರಬಂದಾಗ ಎದ್ದು ನಮಸ್ಕಾರ ಮಾಡಿದರೇ ಹೊರತು ಒಂದು ಮಾತೂ ಆಡಲಿಲ್ಲ. ನಾಲ್ಕು ತಿಂಗಳ ನಂತರ ಅವರ ರಾಜೀನಾಮೆ ನನ್ನ ಮೇಜಿಗೆ ಬಂತು, ಕಾರಣ ವೈಯಕ್ತಿಕ.

1948ರ ಕಾರ್ಖಾನೆ ಕಾಯ್ದೆಯ 61ನೆಯ ಕಲಮು ಕೆಲಸದ ಅವಧಿಗಳ ಸೂಚನೆಯನ್ನು ಮುಂಚಿತವಾಗಿ ಬರೆದು, ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕೆಂದು ಹೇಳಿತ್ತು. ಆ ಕಲಮನ್ನು ನಾನು ತಪಾಸಣಾಧಿಕಾರಿಗೆ ತೋರಿಸುವ ಕಾಗದವೆಂದೇ ತಿಳಿದಿದ್ದೆ. ಅದು ಬೇವಿನ ಮರದ ಕೆಳಗೆ ಮಲಗಿದವರಿಗಾಗಿ ಇದ್ದದ್ದೆಂದು ಅರ್ಥವಾಗಲು ತಡವಾಯಿತು.

ಹಿಡಿತವಿಲ್ಲದ ಕೆಲಸ ಮನಸ್ಸಿಗಷ್ಟೇ ಅಲ್ಲ, ಮೈಗೂ ಕೆಟ್ಟದ್ದು. ಲಂಡನ್ನಿನ ಸರ್ಕಾರಿ ಕಚೇರಿಗಳ ಹತ್ತು ಸಾವಿರಕ್ಕೂ ಹೆಚ್ಚು ನೌಕರರನ್ನು 1985ರಿಂದ ವರ್ಷಗಟ್ಟಲೆ ಗಮನಿಸಿದ ಎರಡನೆಯ ವೈಟ್‌ಹಾಲ್ ಅಧ್ಯಯನದಲ್ಲಿ ಮೈಕಲ್ ಮಾರ್ಮಟ್ ಮತ್ತು ಸಂಗಡಿಗರು ಕಂಡದ್ದು ಇದನ್ನೇ: ಹೃದ್ರೋಗ ಹೆಚ್ಚಾಗಿ ಕಾಡಿದ್ದು ದೊಡ್ಡ ಜವಾಬ್ದಾರಿ ಹೊತ್ತ ಮೇಲಧಿಕಾರಿಗಳನ್ನಲ್ಲ, ಕೆಳಹಂತದ ನೌಕರರನ್ನು, ಆ ಅಂತರದಲ್ಲಿ ದೊಡ್ಡ ಪಾಲು ತಮ್ಮ ಕೆಲಸದ ಮೇಲೆ ತಮಗೆ ಹಿಡಿತವಿಲ್ಲದ್ದರಿಂದ ಬಂದದ್ದು. ನಮ್ಮಲ್ಲಿ ಬಿ.ಪಿ., ಶುಗರ್ ಎಂದರೆ ಸಾಹೇಬರ ಕಾಯಿಲೆ ಎನ್ನುವ ಮಾತು ಇನ್ನೂ ಹೋಗಿಲ್ಲ.

ಹಾಗಾದರೆ ಪಗಾರ ಮುಖ್ಯವಲ್ಲವೇ ಎಂದು ಮಾಲೀಕರು ಕೂಡಲೇ ಖುಷಿಯಾಗುತ್ತಾರೆ. ಹಾಗಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ, ಪಗಾರ, ನಿಯಮ, ಮೇಲ್ವಿಚಾರಣೆಗಳು ಕೆಟ್ಟರೆ ಅಸಮಾಧಾನ ಹುಟ್ಟುತ್ತದೆ, ಆದರೆ ಅವು ಸರಿಯಿದ್ದ ಮಾತ್ರಕ್ಕೆ ಸಂತೋಷ ಹುಟ್ಟುವುದಿಲ್ಲ, ಅದಕ್ಕೆ ಸಾಧನೆಯೂ ಮನ್ನಣೆಯೂ ಬೇಕು ಎಂದರು. ತರಬೇತಿ ಶಿಬಿರಗಳಲ್ಲಿ ಇದನ್ನು ವೇದವಾಕ್ಯದಂತೆ ಹೇಳುತ್ತಾರೆ. ಆದರೆ ಅವರು ಮಾತಾಡಿಸಿದ್ದು ಪಿಟ್ಸ್‌ಬರ್ಗಿನ ಸುಮಾರು ಇನ್ನೂರು ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ. ಅಂದರೆ ತಿಂಗಳ ಕೊನೆಯ ವಾರ ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸಬೇಕಾಗಿಲ್ಲದವರನ್ನು. ಹನ್ನೆರಡು ಸಾವಿರ ರೂಪಾಯಿಯಲ್ಲಿ ಸಂಸಾರ ನಡೆಸುವವನಿಗೆ ಮನ್ನಣೆಯ ಪ್ರಮಾಣಪತ್ರ ಕೊಟ್ಟು ಪಗಾರ ಹಾಗೇ ಇಡುವುದು ಅವಮಾನ. ಇದೇ ಸಾಲಿನಲ್ಲಿ ಇನ್ನೊಂದು: ಬಸವಕಲ್ಯಾಣ ನಮ್ಮ ಪಕ್ಕದಲ್ಲೇ ಇರುವುದರಿಂದ ಪಗಾರದ ಮಾತು ಬಂದಾಗಲೆಲ್ಲ ನಮ್ಮವರು ಕಾಯಕದ ತತ್ವವನ್ನು ಎತ್ತುತ್ತಾರೆ, ಶರಣರು ಕಾಯಕದ ಜೊತೆಗೇ ದಾಸೋಹವನ್ನೂ ಇಟ್ಟಿದ್ದರೆಂಬುದು ಅವರಿಗೆ ಆಗ ನೆನಪಾಗುವುದಿಲ್ಲ.

ಪಗಾರ ಎಷ್ಟು ಎನ್ನುವುದಕ್ಕಿಂತ ಪಕ್ಕದವನಿಗೆ ಎಷ್ಟು ಎನ್ನುವುದು ಹೆಚ್ಚು ಕೊರೆಯುತ್ತದೆ. ಮನಶ್ಶಾಸ್ತ್ರಜ್ಞ ಸ್ಟೇಸಿ ಆಡಮ್ಸ್ 1963ರಲ್ಲಿ ಇದನ್ನು ಸಮನ್ಯಾಯದ ಸಿದ್ಧಾಂತವಾಗಿ ಮಂಡಿಸಿದರು. ನಮ್ಮ ಯಾವುದೇ ಕಚೇರಿಯಲ್ಲಿ ಒಂದೇ ಮೇಜಿಗೆ ಕುಳಿತು ಒಂದೇ ಕಂಪ್ಯೂಟರಿನ ಮೇಲೆ ಸರದಿಯಂತೆ ಕೆಲಸ ಮಾಡುವ ಕಾಯಂ ನೌಕರ ಮತ್ತು ಹೊರಗುತ್ತಿಗೆ ನೌಕರರನ್ನು ಅರ್ಧ ಗಂಟೆ ನೋಡಿದರೆ ಸಿದ್ಧಾಂತ ಓದುವ ಅಗತ್ಯವಿಲ್ಲ.

ಇಲ್ಲಿಯ ಪದವೀಧರರು ಖಾಸಗಿ ಕೆಲಸ ಬಿಟ್ಟು ಮೂರು ನಾಲ್ಕು ವರ್ಷ ಕೋಚಿಂಗ್ ಕೋಣೆಗಳಲ್ಲಿ ಕೂರುವುದನ್ನು ಹಿರಿಯರು ಸೋಮಾರಿತನ ಎನ್ನುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ 371 (ಜೆ) ವಿಧಿ ಬಂದು, 2013ರ ಆದೇಶದಂತೆ ಈ ಭಾಗದ ಸಿ ಗುಂಪಿನ ಹುದ್ದೆಗಳಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85 ಸ್ಥಳೀಯರಿಗೆ ಮೀಸಲಾದ ಮೇಲೆ, ಸರ್ಕಾರಿ ಕೆಲಸವೆಂದರೆ ತಂದೆತಾಯಿಗೆ ಹತ್ತಿರವಿದ್ದು, ಗೊತ್ತಾದ ದಿನ ಪಗಾರ ಎಣಿಸಿ, ಶರಣಬಸವೇಶ್ವರ ಜಾತ್ರೆಗೋ ಬಂದಾನವಾಜ್ ಉರುಸಿಗೋ ಕೈಮುಗಿದು ಬೇಡದೆ ರಜೆ ಪಡೆಯುವ ಬದುಕು. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಈ ಜಿಲ್ಲೆಗಳ ಸರ್ಕಾರಿ ಕಚೇರಿಗಳು ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಬದಲಾಗುತ್ತವೆ. ಖಾಸಗಿ ಗೋದಾಮಿನ ತಗಡಿನ ಕೆಳಗೆ ಅದೇ ಬಿಸಿಲಿಗೆ ಯಾವ ರಿಯಾಯಿತಿಯೂ ಇಲ್ಲ. ಹುಡುಗರು ಈ ಎರಡನ್ನೂ ಹೋಲಿಸಿ ನೋಡಿಯೇ ಅರ್ಜಿ ಹಾಕುತ್ತಾರೆ.

ಹೆಣ್ಣುಮಕ್ಕಳ ಲೆಕ್ಕಾಚಾರ ಇನ್ನೂ ಸೂಕ್ಷ್ಮ: ಕೆಲಸ ಬಿಡುವ ಹೊತ್ತು ಮತ್ತು ಊರಿನ ಕೊನೆಯ ಬಸ್ಸಿನ ಹೊತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನನ್ನ ಕೈಸೇರುವ ಅರ್ಜಿಗಳಲ್ಲಿ ಆಳಂದ, ಚಿತ್ತಾಪುರ ಕಡೆಯ ಹೆಣ್ಣುಮಕ್ಕಳ ಹೆಸರು ಹೆಚ್ಚಾಗಿವೆ. ಟಿಕೆಟ್ಟಿನ ಚಿಂತೆ ಹೋಯಿತು, ಬಸ್ಸಿನ ಚಿಂತೆ ಹೋಗಿಲ್ಲ. ಸಂಜೆ ಐದೂವರೆಗೆ ‘ಇನ್ನರ್ಧ ಗಂಟೆ ಕೂಡಮ್ಮಾ’ ಎನ್ನುವ ಮೇಲಧಿಕಾರಿ ಆ ಹುದ್ದೆಗೆ ಮತ್ತೆ ಜಾಹೀರಾತು ಕೊಡಬೇಕಾಗುತ್ತದೆ.

ಸಾರ್ಟೆಕ್ಸ್ ಹುಡುಗನನ್ನು ಕಳೆದುಕೊಂಡ ಮಾಲೀಕರು ನನ್ನನ್ನು ಕೇಳಿದ್ದು ಎಷ್ಟು ಏರಿಸಬೇಕೆಂದು. ನಾನು ಅವರ ಪಾಳಿ ಪಟ್ಟಿ ಕೇಳಿದೆ, ಪಟ್ಟಿಯೇ ಇರಲಿಲ್ಲ. ಈಗ ತೂಕದ ಕಾಂಟಾದ ಪಕ್ಕದ ಗೋಡೆಗೆ ಒಂದು ಕರಿ ಹಲಗೆ ಬಂದಿದೆ. ಶನಿವಾರ ನಾಲ್ಕು ಗಂಟೆಗೆ ಮುನೀಮರು ಮುಂದಿನ ವಾರದ ಪಾಳಿಗಳನ್ನು ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ತಿದ್ದಬೇಕಾದರೆ ಹೆಸರಿನವನನ್ನು ಕೇಳಿಯೇ ತಿದ್ದಬೇಕು. ಹುಡುಗ ಮರಳಿ ಬಂದಿಲ್ಲ. ಅವನ ಜಾಗಕ್ಕೆ ಬಂದವನು ಎಂಟನೆಯ ತಿಂಗಳಲ್ಲಿದ್ದಾನೆ, ಮಾಲೀಕರು ಈಗಲೂ ಫೋನ್ ಮಾಡಿ ಪಗಾರ ಎಷ್ಟು ಏರಿಸಲಿ ಎಂದೇ ಕೇಳುತ್ತಾರೆ.